ಜನರ ಮನಸ್ಸು ತಿರುಗಿದ ಮೇಲೂ ವಿಯೆಟ್ನಾಂ ಯುದ್ಧ ಐದು ವರ್ಷ ನಡೆದಿದ್ದು ಯಾಕೆ?

ಪ್ರಶ್ನೆ: ನಮ್ಮದು ಮೂಲ ದಾವಣಗೆರೆ, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ ಈಚೆಗೆ 18 ತುಂಬಿತು. ಗ್ರೀನ್ ಕಾರ್ಡ್ ಇರುವುದರಿಂದ, ಸೈನ್ಯಕ್ಕೆ ಕರೆಯಬೇಕಾಗಿ ಬಂದರೆ ಎಂದು ಸರ್ಕಾರ ಪಟ್ಟಿ ಇಡುವ ಸೆಲೆಕ್ಟಿವ್ ಸರ್ವಿಸ್‌ನಲ್ಲಿ ಹೆಸರು ಬರೆಸಬೇಕಾಯಿತು. ಆ ದಿನ ಮನೆಯಲ್ಲಿ ವಿಯೆಟ್ನಾಂ ಯುದ್ಧದ ಮಾತು ಬಂತು. 1968ರ ಟೆಟ್ ದಾಳಿ ಆದಮೇಲೆ ಟೀವಿಯಲ್ಲಿ ಸುದ್ದಿ ಓದುತ್ತಿದ್ದ ಕ್ರಾಂಕೈಟ್ ಒಂದು ಮಾತು ಹೇಳಿದರು, ಅಲ್ಲಿಂದ ಜನ ತಿರುಗಿಬಿದ್ದರು ಅಂತ ಮಗ ಹೇಳ್ತಾನೆ. ವಿದ್ಯಾರ್ಥಿಗಳ ಚಳವಳಿಯೇ ಯುದ್ಧ ನಿಲ್ಲಿಸಿತು ಅನ್ನೋದು ನಮ್ಮ ಯಜಮಾನರ ವಾದ. ನಿಜವಾಗಿ ಜನರ ಮನಸ್ಸು ತಿರುಗಿದ್ದು ಯಾವಾಗ? ತಿರುಗಿದ ಮೇಲೂ ಯುದ್ಧ ಅಷ್ಟು ವರ್ಷ ಯಾಕೆ ನಡೆಯಿತು?

ಉತ್ತರ: ಮೊದಲು ನಿಮ್ಮ ಮನಸ್ಸಿನಲ್ಲಿರುವ ಅಳುಕಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹೆಸರು ಬರೆಸುವುದೇ ಬೇರೆ, ಸೈನ್ಯಕ್ಕೆ ಕರೆಸಿಕೊಳ್ಳುವುದೇ ಬೇರೆ. ಅಮೆರಿಕದಲ್ಲಿ 1973ರಿಂದ ಈಚೆಗೆ ಯಾರನ್ನೂ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಲ್ಲ. ಹೆಸರು ಬರೆಸುವ ಪದ್ಧತಿ ಮಾತ್ರ 1980ರಲ್ಲಿ ಮತ್ತೆ ಶುರುವಾಯಿತು. ಯಾರನ್ನಾದರೂ ಕರೆಯಬೇಕೆಂದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅದಕ್ಕೆಂದೇ ಕಾನೂನು ಮಾಡಬೇಕು. ಆದರೂ ಹೆತ್ತವರ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗೆ ಆಗುತ್ತದೆ, ಅಲ್ವಾ? ಆಗಿನ ತಾಯಂದಿರಿಗೂ ಹಾಗೇ ಆಗಿತ್ತು. ನಿಮ್ಮ ಪ್ರಶ್ನೆಗೆ ಉತ್ತರ ಶುರುವಾಗುವುದೂ ಅಲ್ಲಿಂದಲೇ.

ನಿಮ್ಮ ಮಗ ಹೇಳಿದ್ದರಲ್ಲಿ ನಿಜ ಇದೆ, ಯಜಮಾನರು ಹೇಳಿದ್ದರಲ್ಲೂ ಇದೆ. ಎರಡರಲ್ಲೂ ಅರ್ಧ ಕಥೆ ಬಿಟ್ಟುಹೋಗಿದೆ.

ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂ ವಿರುದ್ಧ, ದಕ್ಷಿಣ ವಿಯೆಟ್ನಾಂ ಪರವಾಗಿ ಅಮೆರಿಕ ಮಾಡಿದ ಈ ಯುದ್ಧ ಶುರುವಿನಲ್ಲಿ ಜನರಿಗೆ ಬೇಡದ್ದಾಗಿರಲಿಲ್ಲ. 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ನಮ್ಮ ಹಡಗುಗಳ ಮೇಲೆ ದಾಳಿ ಆಯಿತು ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೇಳಿದರು. ಎರಡು ದಾಳಿ ಆಗಿವೆ ಎಂದರು. ಎರಡನೆಯದು ನಡೆದೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಮಾತಿನ ಮೇಲೆ ಸೆನೆಟ್ 88–2 ಮತಗಳಿಂದ ಅವರ ಕೈಗೆ ಅಧಿಕಾರ ಕೊಟ್ಟುಬಿಟ್ಟಿತು. 1965ರ ಮಾರ್ಚ್ 8ರಂದು ಸುಮಾರು 3,500 ಮರೀನ್ ಸೈನಿಕರು ಡಾ ನಾಂಗ್ ಕಡಲ ತೀರದಲ್ಲಿ ಇಳಿದರು. ಆ ವರ್ಷ ಮುಗಿಯುವ ಹೊತ್ತಿಗೆ ಅಮೆರಿಕದ ಸೈನಿಕರು 1,84,000. ಎರಡು ವರ್ಷ ಬಿಟ್ಟು ನೋಡಿದರೆ 4,85,000.

ಗ್ಯಾಲಪ್ ಸಂಸ್ಥೆ ಆಗ ಜನರಿಗೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾ ಬಂತು. ವಿಯೆಟ್ನಾಂಗೆ ಸೈನ್ಯ ಕಳಿಸಿದ್ದು ತಪ್ಪಾಯಿತೇ? 1965ರ ಆಗಸ್ಟ್‌ನಲ್ಲಿ ತಪ್ಪಾಯಿತು ಎಂದವರು 100ಕ್ಕೆ 24 ಜನ ಮಾತ್ರ. 1966ರ ಮೇನಲ್ಲಿ 36. 1967ರ ಜುಲೈನಲ್ಲಿ 41. ಆ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಸಲ ತಪ್ಪು ಎನ್ನುವವರು ತಪ್ಪಲ್ಲ ಎನ್ನುವವರಿಗಿಂತ ಜಾಸ್ತಿಯಾದರು.

ಈ ತಿಂಗಳನ್ನು ಗುರುತು ಹಾಕಿಕೊಳ್ಳಿ. 1967ರ ಅಕ್ಟೋಬರ್. ಟೆಟ್ ದಾಳಿ ಇನ್ನೂ ಮೂರು ತಿಂಗಳು ದೂರ ಇತ್ತು. ಕ್ರಾಂಕೈಟ್ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಹಾಗಾದರೆ ಮನಸ್ಸನ್ನು ತಿರುಗಿಸಿದ್ದು ಯಾವುದು? ಜಾನ್ ಮ್ಯುಲರ್ ಎಂಬ ರಾಜಕೀಯ ವಿದ್ವಾಂಸರು ಈ ಸಮೀಕ್ಷೆಗಳನ್ನು ಸತ್ತ, ಗಾಯಗೊಂಡ ಸೈನಿಕರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಈ ಲೆಕ್ಕ ಹತ್ತು ಪಟ್ಟಾದಾಗಲೆಲ್ಲ ಬೆಂಬಲ 100ಕ್ಕೆ 15ರಷ್ಟು ಇಳಿದಿತ್ತು. ನೂರು ಇದ್ದದ್ದು ಸಾವಿರವಾದಾಗ ಎಷ್ಟು ಇಳಿಯಿತೋ, ಸಾವಿರ ಇದ್ದದ್ದು ಹತ್ತು ಸಾವಿರವಾದಾಗಲೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕ ಮೊದಲ ಸಲ ಓದಿದಾಗ ನನಗೆ ತುಂಬಾ ಸಂಕಟವಾಗಿತ್ತು. ಆದರೆ ಯೋಚನೆ ಮಾಡಿ. ಮೊದಲ ಹೆಣ ಊರಿಗೆ ಬಂದಾಗ ಊರಿಗೆ ಊರೇ ಸೇರುತ್ತದೆ. ಹತ್ತನೆಯದು ಬರುವ ಹೊತ್ತಿಗೆ ಯುದ್ಧದ ಪರ ಇದ್ದವರಲ್ಲಿ ಯಾರು ಬದಲಾಗಬೇಕೋ ಅವರು ಬದಲಾಗಿರುತ್ತಾರೆ. ಉಳಿದವರನ್ನು ಅಲ್ಲಾಡಿಸಬೇಕೆಂದರೆ ಇನ್ನೂ ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಹೋಗಬೇಕು. 1966ರಲ್ಲಿ 6,350 ಅಮೆರಿಕನ್ನರು ಸತ್ತರು, 1967ರಲ್ಲಿ 11,363. ಮನಸ್ಸು ತಿರುಗಿದ್ದು ಹೀಗೆ, ಮನೆ ಮನೆಯಾಗಿ, ಸದ್ದಿಲ್ಲದೆ.

ಜಾನ್ಸನ್ ಅವರಿಗೆ ಇದು ಕಾಣುತ್ತಿತ್ತು. ಅದಕ್ಕೇ 1967ರ ನವೆಂಬರ್‌ನಲ್ಲಿ ದಂಡನಾಯಕ ವೆಸ್ಟ್‌ಮೋರ್‌ಲ್ಯಾಂಡ್ ಅವರನ್ನು ವಿಯೆಟ್ನಾಂನಿಂದ ಕರೆಸಿ ಜನರ ಮುಂದೆ ನಿಲ್ಲಿಸಿದರು. ವಾಷಿಂಗ್ಟನ್‌ನ ಪ್ರೆಸ್ ಕ್ಲಬ್ಬಿನಲ್ಲಿ ಅವರು, ಯುದ್ಧದ ಕೊನೆ ಕಣ್ಣಿಗೆ ಕಾಣಲು ಶುರುವಾಗಿದೆ ಎಂದರು. ಜನ ಸ್ವಲ್ಪ ನಂಬಿದರು ಕೂಡ. ಡಿಸೆಂಬರ್ ಸಮೀಕ್ಷೆಯಲ್ಲಿ ಎರಡೂ ಕಡೆ ಸರಿಸುಮಾರು ಸಮ ಆಯಿತು.

ಟೆಟ್ ದಾಳಿ ನಡೆದಿದ್ದು ಈ ಮಾತಿನ ಬೆನ್ನಿಗೆ. ಅದಕ್ಕೇ ಅದರ ಪೆಟ್ಟು ಅಷ್ಟು ಜೋರು.

ಟೆಟ್ ಎಂದರೆ ವಿಯೆಟ್ನಾಮಿನವರ ಹೊಸವರ್ಷ, ನಮ್ಮ ಯುಗಾದಿಯ ಹಾಗೆ ಚಂದ್ರನ ಲೆಕ್ಕದ್ದು. ಹಬ್ಬಕ್ಕೆ ಎರಡೂ ಕಡೆ ಗುಂಡು ನಿಲ್ಲಿಸುವ ರೂಢಿ. ದಕ್ಷಿಣ ವಿಯೆಟ್ನಾಂ ಸೈನಿಕರಲ್ಲಿ ಎಷ್ಟೋ ಜನ ರಜೆ ಹಾಕಿ ಊರಿಗೆ ಹೋಗಿದ್ದರು. 1968ರ ಜನವರಿ 30 ಮತ್ತು 31ರಂದು ಸುಮಾರು 80,000 ಜನ ವಿಯೆಟ್ ಕಾಂಗ್ (ದಕ್ಷಿಣದೊಳಗಿನ ಕಮ್ಯುನಿಸ್ಟ್) ಹೋರಾಟಗಾರರು ಮತ್ತು ಉತ್ತರ ವಿಯೆಟ್ನಾಂ ಸೈನಿಕರು ನೂರಕ್ಕೂ ಜಾಸ್ತಿ ಊರುಗಳ ಮೇಲೆ ಒಟ್ಟಿಗೇ ಬಿದ್ದರು. ಸೈಗಾನ್‌ನಲ್ಲಿ 19 ಜನರ ಒಂದು ತಂಡ ಅಮೆರಿಕದ ರಾಯಭಾರ ಕಚೇರಿಯ ಗೋಡೆಗೆ ತೂತು ಹೊಡೆದು ಒಳಗೆ ನುಗ್ಗಿತು. ಕಟ್ಟಡ ಶುರುವಾಗಿ ಇನ್ನೂ ವರ್ಷವೂ ಆಗಿರಲಿಲ್ಲ. ಬೆಳಕು ಹರಿದು ಆರು ತಾಸಿನ ಹೊಡೆದಾಟ ಮುಗಿಯುವ ಹೊತ್ತಿಗೆ ಅಂಗಳದ ಹೂಕುಂಡಗಳ ಮಧ್ಯೆ ಹೆಣಗಳು ಬಿದ್ದಿದ್ದವು. ಅದು ಅಮೆರಿಕದ ಮನೆ ಮನೆಯ ಟೀವಿಯಲ್ಲಿ ಬಂತು. ಯುದ್ಧದ ಕೊನೆ ಕಾಣುತ್ತಿದೆ ಎಂದು ಹೇಳಿ ಹತ್ತೇ ವಾರ ಆಗಿತ್ತು.

ಸೈನ್ಯದ ಲೆಕ್ಕದಲ್ಲಿ ಟೆಟ್ ವಿಯೆಟ್ ಕಾಂಗ್‌ಗೆ ಸೋಲು. ಅವರು ಹಿಡಿದ ಊರುಗಳೆಲ್ಲ ಕೈತಪ್ಪಿದವು. ಹ್ಯುಯೆ ಪಟ್ಟಣ ಒಂದನ್ನು ಮಾತ್ರ ಸುಮಾರು ನಾಲ್ಕು ವಾರ ಇಟ್ಟುಕೊಂಡಿದ್ದರು. ಅಲ್ಲಿ ಅವರು ಸಾವಿರಾರು ಸಾಮಾನ್ಯ ಜನರನ್ನು ಕೊಂದು ಹೂತಿದ್ದರು ಎನ್ನುವುದನ್ನೂ ಮರೆಯಬಾರದು. ಅಮೆರಿಕದ ಕಡೆಯೂ ಫೆಬ್ರವರಿ ಮಧ್ಯದ ಒಂದೇ ವಾರದಲ್ಲಿ 543 ಜನ ಸತ್ತರು. ಯುದ್ಧದಲ್ಲಿ ಆ ತನಕ ಅದಕ್ಕಿಂತ ಕೆಟ್ಟ ವಾರ ಬಂದಿರಲಿಲ್ಲ.

ಇಲ್ಲಿ ನಿಮ್ಮ ಮಗನಿಗೆ ಹೇಳಬೇಕಾದ ಒಂದು ವಿಷಯ ಇದೆ. ಟೆಟ್ ಆದ ಕೂಡಲೇ ಜನ ಯುದ್ಧ ಬೇಡ ಎಂದು ಬೀದಿಗಿಳಿಯಲಿಲ್ಲ. ಮೊದಲು ಸಿಟ್ಟು ಬಂತು. ಫೆಬ್ರವರಿ ಶುರುವಿನ ಸಮೀಕ್ಷೆಯಲ್ಲಿ ಇನ್ನೂ ಗಟ್ಟಿಯಾಗಿ ಹೊಡೆಯಬೇಕು ಎನ್ನುವವರು 100ಕ್ಕೆ 61 ಜನ ಇದ್ದರು. ಆ ಸಿಟ್ಟು ಕರಗಿದ್ದು ಮುಂದಿನ ಆರೇಳು ವಾರಗಳಲ್ಲಿ. ಮಾರ್ಚ್ ಹೊತ್ತಿಗೆ ಅದು 41ಕ್ಕೆ ಇಳಿಯಿತು.

ಆ ವಾರಗಳಲ್ಲೇ ವಾಲ್ಟರ್ ಕ್ರಾಂಕೈಟ್ ಬಂದರು. ಫೆಬ್ರವರಿ 27ರ ರಾತ್ರಿ, ವಿಯೆಟ್ನಾಂ ಸುತ್ತಿ ಬಂದ ಮೇಲೆ, ಈ ಯುದ್ಧ ಗೆಲುವೂ ಇಲ್ಲದ ಸೋಲೂ ಇಲ್ಲದ ಕೆಸರಿನಲ್ಲಿ ಹೂತುಕೊಂಡಿದೆ, ಮಾತುಕತೆಯೇ ದಾರಿ ಎಂಬ ಅರ್ಥದ ಮಾತು ಹೇಳಿದರು. ಅದನ್ನು ನೋಡುತ್ತಿದ್ದ ಜಾನ್ಸನ್, ಕ್ರಾಂಕೈಟ್ ಕೈಬಿಟ್ಟರೆ ದೇಶವೇ ಕೈಬಿಟ್ಟ ಹಾಗೆ ಎಂದರಂತೆ ಎಂಬ ಕಥೆಯನ್ನು ನೂರು ಕಡೆ ಓದಿದ್ದೇನೆ. ಆ ರಾತ್ರಿ ಜಾನ್ಸನ್ ಟೀವಿ ಮುಂದೆ ಇರಲಿಲ್ಲ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಗವರ್ನರ್ ಜಾನ್ ಕಾನ್ನಲಿ ಅವರ ಹುಟ್ಟುಹಬ್ಬಕ್ಕೆ ಹೋಗಿದ್ದರು. ಕ್ರಾಂಕೈಟ್ ಮೇಲೆ ನನಗೆ ಗೌರವ ಇದೆ. ಆದರೆ ಜನ ಆಗಲೇ ನಡೆದು ಬಂದಿದ್ದ ದಾರಿಗೆ ಅವರು ಆ ರಾತ್ರಿ ಬಂದು ಸೇರಿದರು. ಒಬ್ಬ ಮನುಷ್ಯನ ಒಂದು ಮಾತಿಗೆ ದೇಶ ತಿರುಗಿತು ಅಂದುಬಿಟ್ಟರೆ, ಎರಡು ವರ್ಷದಿಂದ ಮಗನನ್ನು ಮಣ್ಣು ಮಾಡಿ ಕೂತಿದ್ದವರ ಯೋಚನೆಗೆ ಬೆಲೆಯೇ ಇಲ್ಲದ ಹಾಗಾಗುತ್ತದೆ.

ಟೆಟ್ ನಿಜವಾಗಿ ತಿರುಗಿಸಿದ್ದು ಆಳುವವರ ಮನಸ್ಸನ್ನು. ಗೆಲ್ಲುತ್ತಿದ್ದೇವೆ ಎನ್ನುತ್ತಿದ್ದ ಸೇನಾಧಿಕಾರಿಗಳೇ ಇನ್ನೂ 2,06,000 ಸೈನಿಕರು ಬೇಕು ಎಂದು ಕೇಳಿದರು. ಮಾರ್ಚ್ 10ರಂದು ಅದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಯಿತು. ಗೆಲ್ಲುತ್ತಿದ್ದರೆ ಮತ್ತೆ ಎರಡು ಲಕ್ಷ ಜನ ಯಾಕೆ? ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಜಾನ್ಸನ್ ಅವರ ಪಕ್ಷದೊಳಗಿನ ಚುನಾವಣೆ. ಯುದ್ಧ ವಿರೋಧಿಸುತ್ತಿದ್ದ ಸೆನೆಟರ್ ಯೂಜೀನ್ ಮೆಕಾರ್ಥಿಗೆ ಸುಮಾರು 42 ಮತ, ಅಧ್ಯಕ್ಷರಿಗೆ 49, ನೂರರ ಲೆಕ್ಕದಲ್ಲಿ. ಮೆಕಾರ್ಥಿಗೆ ಹಾಕಿದವರಲ್ಲಿ ಎಷ್ಟೋ ಜನ ಜಾನ್ಸನ್ ಸಾಕಷ್ಟು ಗಟ್ಟಿಯಾಗಿ ಹೊಡೆಯುತ್ತಿಲ್ಲ ಎಂದು ಬೇಸರ ಪಟ್ಟವರು! ಅವರಿಗೆ ಸಾಕಾಗಿದ್ದು ಈ ಎಳೆದಾಟ. ಮಾರ್ಚ್ 31ರ ರಾತ್ರಿ ಜಾನ್ಸನ್ ಟೀವಿಯಲ್ಲಿ ಬಂದು, ಉತ್ತರ ವಿಯೆಟ್ನಾಂನ ಹೆಚ್ಚಿನ ಭಾಗದ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸುತ್ತೇನೆ, ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಿಲ್ಲ ಎಂದುಬಿಟ್ಟರು.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಇದೇ ಮುಖ್ಯ. ಅಧ್ಯಕ್ಷರೇ ಕೈಚೆಲ್ಲಿದ ಮೇಲೆ ಯುದ್ಧ ಯಾಕೆ ನಿಲ್ಲಲಿಲ್ಲ?

ಒಂದು ಕಾರಣ, ತಪ್ಪಾಯಿತು ಎನ್ನುವುದು ಒಂದು ಮಾತು, ಬಿಟ್ಟು ಬನ್ನಿ ಎನ್ನುವುದು ಇನ್ನೊಂದು. ಈ ಎರಡು ಮಾತಿನ ನಡುವಿನ ಜಾಗದಲ್ಲೇ ಯುದ್ಧ ಮತ್ತೆ ಐದು ವರ್ಷ ಬದುಕಿತು. ನಮ್ಮಲ್ಲಿ ಮದುವೆ, ಜಮೀನು, ವ್ಯಾಜ್ಯ ಯಾವುದನ್ನೇ ನೋಡಿ. ತಪ್ಪು ಮಾಡಿದೆವು ಎಂದು ಒಳಗೊಳಗೇ ಗೊತ್ತಾದ ಮೇಲೂ ಇಷ್ಟು ಕಳಕೊಂಡ ಮೇಲೆ ಹೇಗೆ ಬಿಡೋದು ಅಂತಲೇ ಎಷ್ಟು ವರ್ಷ ಎಳೆಯುತ್ತೇವೆ. ಸತ್ತವರ ಸಾವು ಸುಮ್ನೆ ಆಗಬಾರದು ಎನ್ನುವ ಮಾತು ಇನ್ನೂ ಹೆಚ್ಚು ಜನರನ್ನು ಸಾಯಿಸಿತು.

ಇನ್ನೊಂದು ಕಾರಣ, ಯುದ್ಧ ಬೇಡ ಎನ್ನುವ ಎಷ್ಟೋ ಜನರಿಗೆ ಯುದ್ಧ ವಿರೋಧಿಸಿ ಬೀದಿಗಿಳಿದವರನ್ನು ಕಂಡರೂ ಆಗುತ್ತಿರಲಿಲ್ಲ. ಇದು ನಿಮ್ಮ ಯಜಮಾನರಿಗೆ. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಯುದ್ಧದ ವಿರುದ್ಧ ಮಾತಾಡಿದಾಗ ದೊಡ್ಡ ಪತ್ರಿಕೆಗಳೇ ಅವರನ್ನು ತರಾಟೆಗೆ ತೆಗೆದುಕೊಂಡವು. ಅದೇ ತಿಂಗಳು ಬಾಕ್ಸರ್ ಮುಹಮ್ಮದ್ ಅಲಿ ಸೈನ್ಯಕ್ಕೆ ಸೇರಲ್ಲ ಎಂದಾಗ ಅವರ ಚಾಂಪಿಯನ್ ಪಟ್ಟವನ್ನೇ ಕಿತ್ತುಕೊಂಡರು. ವಿದ್ಯಾರ್ಥಿಗಳೆಂದರೆ ಯುದ್ಧ ವಿರೋಧಿಗಳು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ, ಅಲ್ವಾ? ಸಮೀಕ್ಷೆಗಳಲ್ಲಿ ಇರುವುದು ಬೇರೆ. ಮೂವತ್ತರ ಒಳಗಿನವರು ಐವತ್ತು ದಾಟಿದವರಿಗಿಂತ ಯುದ್ಧದ ಪರ ಜಾಸ್ತಿ ಇದ್ದರು. ಹಿಂದಿನ ಯುದ್ಧಗಳನ್ನು ಕಂಡಿದ್ದ ಹಿರಿಯರೇ ಮೊದಲಿನಿಂದ ಅನುಮಾನ ಪಟ್ಟವರು.

1970ರ ಮೇ 4ನ್ನೇ ನೋಡಿ. ಹಿಂದಿನ ವಾರ, ಜಾನ್ಸನ್ ಆದಮೇಲೆ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್ ಸೈನ್ಯವನ್ನು ಕಾಂಬೋಡಿಯಾದೊಳಕ್ಕೆ ನುಗ್ಗಿಸಿದ್ದರು. ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆ ಮಾಡುತ್ತಿದ್ದವರ ಮೇಲೆ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡು ಗುಂಡು ಹಾರಿಸಿದರು. ನಾಲ್ಕು ಜನ ಸತ್ತರು, ಒಂಬತ್ತು ಜನಕ್ಕೆ ಗಾಯ. ಸತ್ತವರಲ್ಲಿ ಇಬ್ಬರು ಪ್ರತಿಭಟನೆಯಲ್ಲೇ ಇರಲಿಲ್ಲ. ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವ ಹೊತ್ತಿನಲ್ಲಿ ಅಲ್ಲಿದ್ದ ಮಕ್ಕಳು. ಆಮೇಲೆ ಗ್ಯಾಲಪ್ ಕೇಳಿತು, ಇದಕ್ಕೆ ಯಾರು ಹೊಣೆ ಎಂದು. 100ಕ್ಕೆ 58 ಜನ ವಿದ್ಯಾರ್ಥಿಗಳೇ ಹೊಣೆ ಎಂದರು. ಸೈನಿಕರು ಎಂದವರು 11. ಈ ಎರಡು ಅಂಕೆಗಳನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಾಗಲೆಲ್ಲ ಮಕ್ಕಳು ನಾನು ತಿರುಗಾಮುರುಗಾ ಬರೆದಿದ್ದೇನೆ ಅಂದುಕೊಳ್ಳುತ್ತಿದ್ದರು. ಇದನ್ನು ಹೇಳುವುದು ಚಳವಳಿಯನ್ನು ಸಣ್ಣದು ಮಾಡಲು ಅಲ್ಲ. ನೂರಾರು ಕಾಲೇಜುಗಳು ಮುಚ್ಚಿದವು, ಕಾಂಬೋಡಿಯಾದಿಂದ ಸೈನ್ಯ ಜೂನ್ ಮುಗಿಯುವುದರೊಳಗೆ ಹೊರಬಂತು. ಚಳವಳಿ ಆಳುವವರ ಕೈ ಕಟ್ಟಿತು. ನೆರೆಮನೆಯವರ ಮನಸ್ಸು ಗೆದ್ದಿತು ಎನ್ನಲು ಆಗುವುದಿಲ್ಲ.

ಮೈ ಲಾಯ್ ವಿಷಯ ಇನ್ನೂ ಕಹಿ. 1968ರ ಮಾರ್ಚ್ 16ರಂದು ಆ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮುದುಕರು, ಮಕ್ಕಳನ್ನು ಕೊಂದರು. ವಿಯೆಟ್ನಾಂ ಲೆಕ್ಕದಲ್ಲಿ 504 ಜನ. ಹ್ಯೂ ಥಾಂಪ್ಸನ್ ಎಂಬ ಪೈಲಟ್ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ ಕೆಲವರನ್ನು ಉಳಿಸಿದರು. ದೇಶಕ್ಕೆ ಇದು ಗೊತ್ತಾಗಿದ್ದು ಇಪ್ಪತ್ತು ತಿಂಗಳ ಮೇಲೆ, 1969ರ ನವೆಂಬರ್‌ನಲ್ಲಿ, ಪತ್ರಕರ್ತ ಸೀಮರ್ ಹರ್ಷ್ ಬರೆದಾಗ. 1971ರಲ್ಲಿ ಅಲ್ಲಿದ್ದ ಒಂದು ತುಕಡಿಯ ನಾಯಕ ಲೆಫ್ಟಿನೆಂಟ್ ಕ್ಯಾಲಿಗೆ ಜೀವಾವಧಿ ಶಿಕ್ಷೆ ಆಯಿತು. ಜನ ಏನೆಂದರು? 100ಕ್ಕೆ 79 ಜನ ಈ ತೀರ್ಪು ಸರಿಯಲ್ಲ ಎಂದರು. ಕೆಲವರಿಗೆ ಅವನು ವೀರ. ಇನ್ನು ಕೆಲವರಿಗೆ, ಮೇಲಿನವರನ್ನೆಲ್ಲ ಬಿಟ್ಟು ಕೆಳಗಿನವನೊಬ್ಬನನ್ನು ಹಿಡಿದರಲ್ಲ ಎಂಬ ಸಿಟ್ಟು. ಎರಡು ಬೇರೆ ಬೇರೆ ಮನಸ್ಸು ಒಂದೇ ಉತ್ತರ ಕೊಟ್ಟಿತ್ತು. ಕ್ಯಾಲಿ ಕೆಲವು ವರ್ಷ ಗೃಹಬಂಧನದಲ್ಲಿದ್ದು ಹೊರಗೆ ಬಂದ.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು ಎಂದು ನನಗೆ ಅನಿಸುತ್ತದೆ. ಜನರ ಸಿಟ್ಟು ಏರುವುದು ನಮ್ಮವರ ಸಾವಿನ ಜೊತೆ ಎಂಬುದನ್ನು ನಿಕ್ಸನ್ ಚೆನ್ನಾಗಿ ಅರ್ಥ ಮಾಡಿಕೊಂಡರು. ಅವರು ಯುದ್ಧವನ್ನು ಕಡಿಮೆ ಮಾಡಲಿಲ್ಲ, ಅದರಲ್ಲಿ ಅಮೆರಿಕನ್ನರು ಸಾಯುವುದನ್ನು ಕಡಿಮೆ ಮಾಡಿದರು. 1969ರ ಏಪ್ರಿಲ್‌ನಲ್ಲಿ 5,43,000 ಇದ್ದ ಸೈನಿಕರು 1972ರ ಕೊನೆಗೆ ಸುಮಾರು 24,000. ನೆಲದ ಮೇಲೆ ದಕ್ಷಿಣ ವಿಯೆಟ್ನಾಂ ಸೈನಿಕರು, ಮೇಲಿನಿಂದ ಅಮೆರಿಕದ ಬಾಂಬು. 1969ರ ನವೆಂಬರ್ 3ರಂದು, ಸದ್ದು ಮಾಡದೆ ಮನೆಯಲ್ಲಿರುವ ಹೆಚ್ಚಿನ ಜನ ನನ್ನ ಬೆನ್ನಿಗೆ ನಿಲ್ಲಬೇಕು ಎಂದು ಕೇಳಿಕೊಂಡರು. ಅವರ ಬೆಂಬಲ 100ಕ್ಕೆ 68ಕ್ಕೆ ಜಿಗಿಯಿತು. ಆಗ ತಪ್ಪಾಯಿತು ಎನ್ನುವವರು ಅರ್ಧಕ್ಕಿಂತ ಜಾಸ್ತಿ ಇದ್ದರು, ನೆನಪಿಡಿ.

ಡ್ರಾಫ್ಟ್, ಅಂದರೆ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಪದ್ಧತಿಯ ಕಥೆಯೂ ಇದರ ಜೊತೆಗೇ ಸೇರುತ್ತದೆ. ಮೊದಲು ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಸಿಗುತ್ತಿತ್ತು. ಹೋಗುತ್ತಿದ್ದವರು ಕೂಲಿಯವರ, ಕಾರ್ಖಾನೆಯವರ, ರೈತರ ಮಕ್ಕಳೇ ಜಾಸ್ತಿ. 1969ರ ಡಿಸೆಂಬರ್ 1ರ ರಾತ್ರಿ ಟೀವಿಯಲ್ಲಿ ಲಾಟರಿ ಎತ್ತಿದರು. ಒಂದು ದೊಡ್ಡ ಗಾಜಿನ ಜಾಡಿ. ಒಳಗೆ 366 ನೀಲಿ ಪ್ಲಾಸ್ಟಿಕ್ ಗುಳಿಗೆ. ಒಂದೊಂದರಲ್ಲೂ ವರ್ಷದ ಒಂದು ತಾರೀಖು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರಿಗೆ 1ನೇ ನಂಬರ್, ಮೊದಲ ಕರೆ. ಕೊನೆಯದು ಜೂನ್ 8. 195ರ ತನಕ ಕರೆದರು. 196 ಬಂದ ಹುಡುಗನಿಗೆ ಯುದ್ಧ ಮುಗಿದ ಹಾಗೆಯೇ. ಗುಳಿಗೆಗಳನ್ನು ತಿಂಗಳ ಸಾಲಿನಲ್ಲೇ ಹಾಕಿ ಸರಿಯಾಗಿ ಕಲೆಸಿರಲಿಲ್ಲ. ಅದರಿಂದ ವರ್ಷದ ಕೊನೆಯಲ್ಲಿ ಹುಟ್ಟಿದವರ ತಾರೀಖುಗಳೇ ಮೇಲೆ ಉಳಿದು ಬೇಗ ಕೈಗೆ ಸಿಕ್ಕವು. ಡಿಸೆಂಬರ್‌ನಲ್ಲಿ ಹುಟ್ಟಿದ ಎಷ್ಟು ಹುಡುಗರು ಬರೀ ಗುಳಿಗೆ ಸರಿಯಾಗಿ ಕಲೆಸದ ಕಾರಣ ಹೋದರೋ! ಆದರೆ ಆ ರಾತ್ರಿ ಇನ್ನೊಂದೂ ಆಯಿತು. ದೊಡ್ಡ ನಂಬರ್ ಬಂದವರ ಭಯ ಒಮ್ಮೆಗೇ ಇಳಿಯಿತು. ಭಯ ಇಳಿದ ಮನೆಯಲ್ಲಿ ಯುದ್ಧದ ಮಾತೂ ಕಡಿಮೆಯಾಯಿತು.

1971ರ ಜೂನ್‌ನಲ್ಲಿ ಪೆಂಟಗನ್ನಿನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ಗುಪ್ತ ಕಾಗದಗಳು ಪತ್ರಿಕೆಯಲ್ಲಿ ಬಂದವು. ಆಳುವವರು ಒಳಗೆ ಒಂದು ತಿಳಿದು ಹೊರಗೆ ಇನ್ನೊಂದು ಹೇಳಿದ್ದರು ಎನ್ನುವುದಕ್ಕೆ ಬರಹದ ಸಾಕ್ಷಿ ಸಿಕ್ಕಿತು. ಅದಕ್ಕೆ ಸ್ವಲ್ಪ ಮುಂಚೆಯೇ ತಪ್ಪಾಯಿತು ಎನ್ನುವವರು 100ಕ್ಕೆ 61 ಆಗಿದ್ದರು. ಆ ಏಪ್ರಿಲ್‌ನಲ್ಲಿ ಯುದ್ಧದಿಂದ ಮರಳಿದ ನೂರಾರು ಸೈನಿಕರು ಸಂಸತ್ ಭವನದ ಮುಂದೆ ಸಾಲಾಗಿ ಬಂದು ತಮ್ಮ ಪದಕಗಳನ್ನು ಬೇಲಿಯಾಚೆ ಎಸೆದರು. ಇವರನ್ನು ಹೇಡಿಗಳು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. 1973ರ ಜನವರಿ 27ರಂದು ಪ್ಯಾರಿಸ್‌ನಲ್ಲಿ ಒಪ್ಪಂದವಾಯಿತು. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು.

ನಿಮ್ಮೂರಿನಿಂದ ವಾಷಿಂಗ್ಟನ್ ಕಾರಿನಲ್ಲಿ ನಾಲ್ಕೈದು ಗಂಟೆ. ಒಂದು ಶನಿವಾರ ಮಗನನ್ನು ಕರಕೊಂಡು ವಿಯೆಟ್ನಾಂ ಸ್ಮಾರಕದ ಕಪ್ಪು ಗೋಡೆ ನೋಡಿ ಬನ್ನಿ. 58,000ಕ್ಕೂ ಜಾಸ್ತಿ ಹೆಸರು. ಹುದ್ದೆ ಇಲ್ಲ, ಅಕ್ಷರದ ಸಾಲೂ ಇಲ್ಲ, ಸತ್ತ ದಿನದ ಸಾಲು. ಗೋಡೆಯ ನಡುಮೂಲೆಯಿಂದ ಹೆಸರು ಶುರುವಾಗಿ ಬಲಕ್ಕೆ ಹೋಗುತ್ತವೆ. ಹೋದಹಾಗೆ ಕಲ್ಲು ಕುಳ್ಳಗಾಗುತ್ತಾ ಮೊಣಕಾಲಿಗಿಂತ ಕೆಳಗಿಳಿದು ನೆಲದಲ್ಲಿ ಮುಗಿಯುತ್ತದೆ. ಆ ತುದಿಯ ಹೆಸರುಗಳು 1968ರ ಮೇ 25ರವು. ಜಾನ್ಸನ್ ಟೀವಿಯಲ್ಲಿ ಬಂದು ಕೈಚೆಲ್ಲಿ ಆಗ ಎಂಟು ವಾರ. ಮುಂದಿನ ಹೆಸರು ಬೇಕೆಂದರೆ ಇಡೀ ಗೋಡೆ ದಾಟಿ ಇನ್ನೊಂದು ತುದಿಗೆ ಹೋಗಬೇಕು. ಅಲ್ಲಿ ಅದೇ ಮೇ 25ರಿಂದ ಮತ್ತೆ ಶುರುವಾಗುತ್ತದೆ. ಅಷ್ಟೇ ಉದ್ದದ ಗೋಡೆ, ಹೆಚ್ಚುಕಡಿಮೆ ಅಷ್ಟೇ ಹೆಸರು.

ವಿಯೆಟ್ನಾಮಿನವರ ಹೆಸರು ಆ ಗೋಡೆಯಲ್ಲಿಲ್ಲ. ಅವರ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 20 ಲಕ್ಷ ಸಾಮಾನ್ಯ ಜನ, 11 ಲಕ್ಷ ಹೋರಾಟಗಾರರು. ಅದನ್ನೂ ಮಗನಿಗೆ ಅಲ್ಲೇ ನಿಂತು ಹೇಳಿ.